ಸಹಾಯ ಬೇಕು: ಬ್ರೂಗೆಲ್, ಸಾವೆರಿ ಬೆಟ್ಟದ ಚಿತ್ರಗಳನ್ನು ಬೇರೆಬೇರೆಯಾಗಿ ಗುರುತಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಫ್ಲೆಮಿಶ್ ಕಲಾವಿದ ಪೀಟರ್ ಬ್ರೂಗೆಲ್ 1552ರ ಸುಮಾರಿಗೆ ಇಟಲಿ ಪ್ರವಾಸ ಮಾಡಿದಾಗ ಆಲ್ಪ್ಸ್ ದಾಟಿದ್ದ. ಆ ಪ್ರಯಾಣದಿಂದ ಹುಟ್ಟಿದ ಶಾಯಿಯ ರೇಖಾಚಿತ್ರಗಳನ್ನು ನೋಡಿದಷ್ಟೂ ತೃಪ್ತಿಯಿಲ್ಲ. ಸಮತಟ್ಟಾದ ನಾಡಿನಿಂದ ಬಂದವನಿಗೆ ಆ ಕಣಿವೆಗಳು ಹೇಗೆ ಕಂಡವೋ! ಆಲ್ಪ್ಸ್‌ನಲ್ಲಿ ಬೆಟ್ಟ, ಬಂಡೆಗಳನ್ನೆಲ್ಲ ನುಂಗಿ ಬಂದು, ಊರಿನಲ್ಲಿ ಅವನ್ನು ಚಿತ್ರಫಲಕಗಳ ಮೇಲೆ ಉಗುಳಿದ ಎಂಬರ್ಥದಲ್ಲಿ 1604ರಲ್ಲಿ ಕಲಾವಿದರ ಜೀವನಚರಿತ್ರೆಕಾರ ಕಾರೆಲ್ ವಾನ್ ಮಾಂಡರ್ ಬರೆದದ್ದು ನನಗಂತೂ ಉತ್ಪ್ರೇಕ್ಷೆ ಅನ್ನಿಸುವುದಿಲ್ಲ.

ತೊಡಕು ಇಲ್ಲಿದೆ. ಬ್ರೂಗೆಲ್‌ನವೆಂದು ಬಹುಕಾಲ ನಂಬಿದ್ದ ಹಲವು ಬೆಟ್ಟದ ಚಿತ್ರಗಳನ್ನು ವಿದ್ವಾಂಸರು ಈಗ ಅವನ ನಂತರದ ಪೀಳಿಗೆಯ ಫ್ಲೆಮಿಶ್ ಕಲಾವಿದರಾದ ಯಾಕೊಬ್, ರೂಲಾಂಟ್ ಎಂಬ ಸಾವೆರಿ ಸಹೋದರರ ಕೈಚಳಕ ಎನ್ನುತ್ತಾರೆ. ಅವರಲ್ಲಿ ಕಿರಿಯವನಾದ ರೂಲಾಂಟ್ ಸಾವೆರಿಯನ್ನು ಚಕ್ರವರ್ತಿ ಎರಡನೇ ರುಡಾಲ್ಫ್ ಬೆಟ್ಟಗಳ ಚಿತ್ರ ಬರೆಯಲೆಂದೇ ಆಲ್ಪ್ಸ್‌ನ ಟಿರೋಲ್ ಪ್ರಾಂತ್ಯಕ್ಕೆ ಕಳಿಸಿದ್ದ. ಹೀಗೆ ಬ್ರೂಗೆಲ್, ರೂಲಾಂಟ್ ಇಬ್ಬರದೂ ಕಣ್ಣಾರೆ ಕಂಡ ಪರ್ವತಗಳೇ.

ಕಲಾ ಇತಿಹಾಸ ಓದಿದವರು ದಯವಿಟ್ಟು ತಿಳಿಸಿ: ಬಂಡೆ, ಮರ, ದೂರದ ಶಿಖರಗಳಲ್ಲಿ ಲೇಖನಿಯ ಗೆರೆ ಇಬ್ಬರಲ್ಲಿ ಹೇಗೆ ಬೇರೆಯಾಗುತ್ತದೆ? ಕಾಗದದ ನೀರುಗುರುತಿನಿಂದ (ಬೆಳಕಿಗೆ ಹಿಡಿದಾಗ ಕಾಗದದೊಳಗೆ ಕಾಣುವ ತಯಾರಕರ ಗುರುತು) ಕಾಲ ಹೇಳುವುದನ್ನು ಎಷ್ಟರಮಟ್ಟಿಗೆ ನಂಬಬಹುದು? ಲಂಡನ್, ಬರ್ಲಿನ್, ವಿಯೆನ್ನಾದಲ್ಲಿರುವ ಕನ್ನಡಿಗರು ಯಾರಾದರೂ ಅಲ್ಲಿನ ಸಂಗ್ರಹಾಲಯಗಳಲ್ಲಿ ಮೂಲ ರೇಖಾಚಿತ್ರಗಳನ್ನು ಹತ್ತಿರದಿಂದ ನೋಡಿದ್ದೀರಾ? ಮುಂಚಿತವಾಗಿ ಅನುಮತಿ ಪಡೆಯುವ ಕ್ರಮ ಹೇಗೆ? ದೊಡ್ಡದು ಮಾಡಿ ನೋಡಬಹುದಾದ ಸ್ಪಷ್ಟ ಚಿತ್ರಗಳು ಎಲ್ಲಿ ಸಿಗುತ್ತವೆ ಎಂದು ಹೇಳಿದರೂ ತುಂಬಾ ಉಪಕಾರವಾಗುತ್ತದೆ.