ಎಪಿಡ್ಯೂರಲ್ (ನೋವು ಕಡಿಮೆಯಾಗಲು ಬೆನ್ನಿಗೆ ಕೊಡುವ ಔಷಧಿ) ಇಲ್ಲದೆ ಹೆರಿಗೆ ನೋವು ತಡೆದುಕೊಂಡವರು ಇದ್ದೀರಾ?

36ನೇ ವಾರ:
ಮೊದಲ ಹೆರಿಗೆ. ಹಿಂದೆ ಬೆನ್ನಿಗೆ ಆಪರೇಷನ್ ಆಗಿದೆ, ಹಾಗಾಗಿ ಎಪಿಡ್ಯೂರಲ್ ಕೊಡಲು ಆಗುತ್ತದೋ ಇಲ್ಲವೋ ಖಾತ್ರಿಯಿಲ್ಲ ಎಂದಿದ್ದಾರೆ. ನೋವಿಗಿಂತ ಭಯವೇ ಜಾಸ್ತಿ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಗರ್ಭಿಣಿಯರ ಕ್ಲಾಸಿನಲ್ಲಿ "ಉಸಿರಾಡಿ" ಎಂದರು. ಉಸಿರಾಡದೆ ಯಾರಿದ್ದಾರೆ ಹೇಳಿ! ಇನ್ನು ನನ್ನ ಗಂಡನಿಗೆ ರಕ್ತ ಕಂಡರೆ ತಲೆ ಸುತ್ತುತ್ತದೆ. ಅವರನ್ನು ಒಳಗೆ ಕರೆದುಕೊಳ್ಳಲಾ, ಬೇಡವಾ?

ಎರಡು ಮಕ್ಕಳ ಅಮ್ಮ:
ನನ್ನ ಮೊದಲ ಮಗುವಿನ ಮುಖ ನನ್ನ ಹೊಟ್ಟೆಯ ಕಡೆಗಿತ್ತು. ತಲೆಯ ಹಿಂಭಾಗ ನನ್ನ ಬೆನ್ನಿಗೇ ಒತ್ತುತ್ತಿತ್ತು. ನೋವೆಲ್ಲ ಸೊಂಟದಲ್ಲಿ. ಅಂಗಾತ ಮಲಗಿದರಂತೂ ಸತ್ತೇ ಹೋಗುತ್ತೇನೆ ಅನ್ನಿಸುತ್ತಿತ್ತು.

ಜೊತೆಗಿದ್ದದ್ದು ಅಕ್ಕ. ನಾನು ಮಂಚದ ಅಂಚು ಹಿಡಿದು ಬಗ್ಗಿ ನಿಂತೆ. ಅವಳು ಅಂಗೈಯ ಬುಡವನ್ನು ಬಾಲಮೂಳೆಗಿಂತ ಸ್ವಲ್ಪ ಮೇಲೆ, ಆ ಚಪ್ಪಟೆ ಮೂಳೆಯ ಮೇಲಿಟ್ಟು ಒತ್ತಿದಳು. ನೀವುವುದಲ್ಲ, ಮೈಭಾರ ಹಾಕಿ ಒತ್ತುವುದು. "ಕೆಳಗೆ, ಅಯ್ಯೋ ಅಲ್ಲಲ್ಲ, ಎಡಕ್ಕೆ" ಎಂದು ಬೈದಿದ್ದೇ ಬೈದಿದ್ದು. ಜಾಗ ಸಿಕ್ಕಿದ ಮೇಲೆ ನೋವು ಅರ್ಧಕ್ಕೆ ಇಳಿಯಿತು. ಎರಡು ಗಂಟೆಯಲ್ಲಿ ಅವಳ ಮಣಿಕಟ್ಟು ಸೋತಿತು. ಆಮೇಲೆ ಟೆನಿಸ್ ಬಾಲ್ ಇಟ್ಟು ಒತ್ತಿದಳು. ನೀವು ಬ್ಯಾಗಿನಲ್ಲಿ ಎರಡು ಹಾಕಿಕೊಳ್ಳಿ. ನಿಮ್ಮ ಆಪರೇಷನ್ ಜಾಗದ ಮೇಲೆ ಒತ್ತಬಹುದಾ ಎಂದು ಮಾತ್ರ ಡಾಕ್ಟರನ್ನು ಮೊದಲೇ ಕೇಳಿ.

ಉಸಿರಿನ ವಿಷಯ: ನಾನು ಮೊದಲು ನಾಯಿಯ ಹಾಗೆ ಏದುಸಿರು ಬಿಟ್ಟೆ. ತುಟಿ, ಬೆರಳು ಜುಮ್ ಎಂದವು. ನರ್ಸ್ ಬಂದು "ಬಿಡುವ ಉಸಿರು ಉದ್ದ ಇರಲಿ, ದವಡೆ ಸಡಿಲ ಬಿಡಿ" ಎಂದರು. ಒಂದು ನೋವು ಹೆಚ್ಚುಕಡಿಮೆ ಒಂದು ನಿಮಿಷ. ನನಗೆ ಅದು ಎಂಟು ಉಸಿರು. ಐದನೆಯದು ದಾಟಿದರೆ ಇಳಿಜಾರು. ಗಂಟೆಗಳ ಲೆಕ್ಕ ಬಿಟ್ಟು ಎಂಟರ ತನಕ ಎಣಿಸಿದೆ, ಅಷ್ಟೇ. ಹಾಡಿನ ಪಟ್ಟಿ, ಸುವಾಸನೆಯ ಎಣ್ಣೆ ಎಲ್ಲ ಒಯ್ದಿದ್ದೆ. ಎರಡೂ ಕಿರಿಕಿರಿಯಾದವು.

ರಾತ್ರಿ ಪಾಳಿ:
ಲೇಬರ್ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. ಬೆರಳು ಬಾಗಿಲಿಗೆ ಸಿಕ್ಕಿದರೆ ತಕ್ಷಣ ಹಿಸುಕಿಕೊಳ್ಳುತ್ತೇವೆ ಅಲ್ವಾ? ಸೊಂಟ ಒತ್ತುವುದೂ ಅದೇ. ಒತ್ತಡದ ಸುದ್ದಿ ಮುಂದೆ ನುಗ್ಗಿ, ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಅಡ್ಡ ನಿಲ್ಲುತ್ತದೆ ಎಂದು ನೋವಿನ ಬಗ್ಗೆ ಸಂಶೋಧನೆ ಮಾಡಿದ ಮೆಲ್ಜಾಕ್ ಮತ್ತು ವಾಲ್ 1965ರಲ್ಲೇ ಹೇಳಿದ್ದರು.

ಗಂಡನ ಪ್ರಶ್ನೆಗೆ ಬರುತ್ತೇನೆ. ಹೆರುವವಳು ತಾನೇ ಆರಿಸಿಕೊಂಡ ಒಬ್ಬರು ಕೊನೆತನಕ ಜೊತೆಗಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ಗಂಡನೇ ಆಗಬೇಕೆಂದಿಲ್ಲ. ಅವರೇ ಬೇಕಾದರೆ ನಿಮ್ಮ ತಲೆಯ ಹತ್ತಿರ ಕೂರಿಸಿ, ಅಲ್ಲಿಂದ ರಕ್ತ ಕಾಣುವುದಿಲ್ಲ.

ಎಲ್ಲ ಸರಿಯಿದ್ದರೆ ನಡೆಯಿರಿ, ನಿಲ್ಲಿ, ದೊಡ್ಡ ಚೆಂಡಿನ ಮೇಲೆ ಕೂತು ಸೊಂಟ ತಿರುಗಿಸಿ. ಬಿಸಿನೀರಿನ ಶವರ್ ಇದ್ದರೆ ಬೆನ್ನಿಗೆ ಬಿಟ್ಟುಕೊಳ್ಳಿ. ಆಗಾಗ ಮೂತ್ರಕ್ಕೆ ಹೋಗಿ, ಇದನ್ನು ಎಲ್ಲರೂ ಮರೆಯುತ್ತಾರೆ. ತಲೆ ಹೊರಬರುವಾಗ ಕೆಳಗೆ ಬೆಚ್ಚಗಿನ ಒದ್ದೆ ಬಟ್ಟೆ ಇಡಲು ಹೇಳಿ. ಉರಿ ತಗ್ಗುತ್ತದೆ, ಅಲ್ಲಿ ಜೋರಾಗಿ ಹರಿಯುವುದೂ ಕಡಿಮೆ.

ರಕ್ತ ಹೋದರೆ, ಮಗುವಿನ ಸುತ್ತಲಿನ ನೀರು ಒಡೆದು ಹಸಿರಾಗಿ ಬಂದರೆ, ಮಗುವಿನ ಅಲುಗಾಟ ಕಮ್ಮಿಯಾದರೆ ಉಸಿರು ಎಣಿಸುತ್ತಾ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೊರಡಿ. ಎಪಿಡ್ಯೂರಲ್ ಆಗದಿದ್ದರೆ ಬೇರೆ ಯಾವ ಔಷಧಿ ಕೊಡುತ್ತಾರೆ ಎಂದೂ ಈಗಲೇ ಕೇಳಿಟ್ಟುಕೊಳ್ಳಿ. ಕೇಳುವುದು ಸೋಲೇನಲ್ಲ.

ತಲೆ ಸುತ್ತಿದ ಗಂಡ:
ನಾನು ಬಿದ್ದವನೇ. ರಕ್ತ ನೋಡಿ ಅಲ್ಲ, ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಅವರಿಗೆ ಹೊಟ್ಟೆ ತುಂಬಿಸಿಕೊಂಡು ಬರಲು ಹೇಳಿ.

36ನೇ ವಾರ:
ಒತ್ತಬಹುದು ಎಂದರು ಡಾಕ್ಟರ್. ನಿನ್ನೆ ಅಭ್ಯಾಸಕ್ಕೆಂದು ಅಂಗೈಯಲ್ಲಿ ಐಸ್ ಹಿಡಿದು ಒಂದು ನಿಮಿಷ ಎಣಿಸಿದೆ. ನನಗೆ ಒಂಬತ್ತು ಉಸಿರು. ಇವರು ಹಿಂದಿನಿಂದ ಚೆಂಡು ಒತ್ತುತ್ತಿದ್ದರು. "ಇನ್ನೂ ಕೆಳಗೆ ರೀ" ಎಂದೆ. "ಬೈಗುಳ ಇವತ್ತಿಂದಲೇ ಶುರುನಾ?" ಎಂದರು.