ವಿನಿಪೆಗ್‌ನಲ್ಲಿ ಫಿಲಿಪಿನೋ ದಿನಸಿ, ಬ್ರೆಡ್ ಎಲ್ಲಿ ಸಿಗುತ್ತೆ?

ಪ್ರಶ್ನೆ: ಅಡೋಬೋ (ವಿನೆಗರ್, ಸೋಯಾ ಸಾಸ್‌ನಲ್ಲಿ ಬೇಯಿಸಿದ ಮಾಂಸ), ಕರೆ-ಕರೆ (ಕಡಲೆಕಾಯಿ ಹಾಕಿದ ಮಾಂಸದ ಸಾರು) ಮಾಡೋಕೆ ಬೇಕಾದ ಸಾಮಾನು, ತಾಜಾ ಪಾಂಡೆಸಾಲ್ (ಮೃದುವಾದ ಫಿಲಿಪಿನೋ ಬನ್) ಬೇಕು. ಕೆನಡಾದ ವಿನಿಪೆಗ್‌ನಲ್ಲಿ ಎಲ್ಲಿ ನೋಡಲಿ? ಊಟಕ್ಕೆ ಎಲ್ಲಿ ಹೋಗಬಹುದು?

ಉತ್ತರ 1: ಮೊದಲು ಮೆಕ್‌ಫಿಲಿಪ್ಸ್ ರಸ್ತೆಯ ನಾರ್ತ್‌ಗೇಟ್ ಶಾಪಿಂಗ್ ಸೆಂಟರ್‌ಗೆ ಹೋಗಿ, ಸೀಫುಡ್ ಸಿಟಿ ಅನ್ನೋ ಫಿಲಿಪಿನೋ ಸೂಪರ್‌ಮಾರ್ಕೆಟ್ ಅಲ್ಲೇ ಇದೆ. ಅಡೋಬೋಗೆ ದಾತು ಪುತಿ ಬ್ರ್ಯಾಂಡಿನ ಕಬ್ಬಿನ ವಿನೆಗರ್ರೇ ತಗೊಳ್ಳಿ. ಮಾಮೂಲಿ ಬಿಳಿ ವಿನೆಗರ್ ಹಾಕಿದರೆ ಹುಳಿ ಮೂಗಿಗೆ ಹೊಡೆಯುತ್ತೆ. ಬಾಗೂಂಗ್ (ಉಪ್ಪು ಹಾಕಿ ಹುದುಗಿಸಿದ ಪೇಸ್ಟ್) ಬಾಟಲಿಯ ಲೇಬಲ್ ಓದದೆ ತರಬೇಡಿ. 'ಅಲಮಾಂಗ್' ಅಂದರೆ ಸಿಗಡಿಯದು, 'ಇಸ್ದಾ' ಅಂದರೆ ಮೀನಿನದು. ಕರೆ-ಕರೆ ಜೊತೆಗೆ ಬೇಕಿರೋದು ಅಲಮಾಂಗ್. ಎರಡೂ ಸಿಕ್ಕಾಪಟ್ಟೆ ಉಪ್ಪು, ಹಾಗಾಗಿ ಸಾರಿಗೆ ಉಪ್ಪು ಕೊನೆಗೆ ನೋಡಿ ಹಾಕಿ.

ಉತ್ತರ 2: ಪಾಂಡೆಸಾಲ್‌ಗೆ ಬೆಳಿಗ್ಗೆಯೇ ಬೇಕರಿಗೆ ಹೋಗಬೇಕು. ಒಳ್ಳೇದಾದರೆ ಮೇಲೆ ಬ್ರೆಡ್ ಪುಡಿ ಸಣ್ಣಗೆ ಅಂಟಿರುತ್ತೆ, ಒತ್ತಿದರೆ ಮತ್ತೆ ಉಬ್ಬುತ್ತೆ. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟರೆ ಬೇಗ ಗಟ್ಟಿಯಾಗುತ್ತೆ; ಅದೇ ದಿನ ಫ್ರೀಜರ್‌ಗೆ ಹಾಕಿ. ತಿನ್ನುವಾಗ ನೀರು ಚಿಮುಕಿಸಿ 180 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ 5 ನಿಮಿಷ ಬಿಸಿ ಮಾಡಿ. ಮೈಕ್ರೋವೇವ್ ಬೇಡ, ರಬ್ಬರ್ ಆಗುತ್ತೆ.

ಉತ್ತರ 3: ಮಲುಂಗಾಯ್ ಅಂದರೆ ನಮ್ಮ ನುಗ್ಗೆ ಸೊಪ್ಪೇ, ತಾಜಾ ಸಿಗದಿದ್ದರೆ ಫ್ರೀಜರ್ ಕಪಾಟು ನೋಡಿ. ಚಳಿಗಾಲದಲ್ಲಿ ಸೊಪ್ಪು, ಸಣ್ಣ ನಿಂಬೆಯಂಥ ಕಲಮಾನ್ಸಿ ಹಣ್ಣನ್ನು ಕಾರಿನಲ್ಲೇ ಬಿಟ್ಟರೆ ಹೆಪ್ಪುಗಟ್ಟಿ ಹಾಳಾಗುತ್ತವೆ. ಊಟಕ್ಕೆ 'ತುರೋ-ತುರೋ' ಹೋಟೆಲುಗಳೇ ಚೆನ್ನ: ಗಾಜಿನ ಹಿಂದಿನ ಟ್ರೇ ತೋರಿಸಿ ಕೇಳೋದು. ಮಧ್ಯಾಹ್ನ ಹೋಗಿ, ಸಂಜೆಗೆ ಒಳ್ಳೆಯವು ಖಾಲಿ. ಫಿಲಿಪಿನೋ ಫಾಸ್ಟ್‌ಫುಡ್ ಸರಣಿ ಜಾಲಿಬೀಯ ಕೆನಡಾದ ಮೊದಲ ಅಂಗಡಿ 2016ರಲ್ಲಿ ಈ ಊರಲ್ಲೇ ಶುರುವಾಗಿದ್ದು, ಅಲ್ಲಿ ಚಿಕನ್‌ಜಾಯ್ (ಕರಿದ ಕೋಳಿ) ತಿನ್ನಿ.