1974ರ ಮರಣ ದಾಖಲೆ ಸಿಗುತ್ತಿಲ್ಲ: ಬೆಂಗಳೂರಿನ ಹಳೇ ರಿಜಿಸ್ಟರ್ ಹುಡುಕಿಸುವುದು ಹೇಗೆ?

ಪೇಟೆಬೀದಿ:
ಎಲ್ಲರಿಗೂ ನಮಸ್ಕಾರ. ತಾತನ ಹೆಸರಿನಲ್ಲೇ ಉಳಿದಿರುವ ಮನೆಯ ಖಾತೆ ಬದಲಾಯಿಸಲು ಅವರ ಮರಣ ಪ್ರಮಾಣಪತ್ರ ಕೇಳುತ್ತಿದ್ದಾರೆ. ಅವರು ತೀರಿಕೊಂಡದ್ದು ವಿಕ್ಟೋರಿಯಾ ಆಸ್ಪತ್ರೆಯಲ್ಲಿ, ಆಗ ಮನೆ ಇದ್ದದ್ದು ಯಲಹಂಕದಲ್ಲಿ. ಇಂಗ್ಲಿಷ್ ತಾರೀಖು ಯಾರಿಗೂ ನೆನಪಿಲ್ಲ. ಆನಂದ ಸಂವತ್ಸರದ ಪುಷ್ಯ ಬಹುಳ ಪಂಚಮಿ ಅಂತ ಶ್ರಾದ್ಧದ ಚೀಟಿಯಲ್ಲಿದೆ. ಅದರ ಪ್ರಕಾರ 1974 ಅಂತ ಬರೆದು ಅರ್ಜಿ ಕೊಟ್ಟರೆ ದಾಖಲೆ ಇಲ್ಲ ಅಂದರು. ಜನನ ಮರಣ ನೋಂದಣಿಯ ಜಾಲತಾಣ ಇ-ಜನ್ಮದಲ್ಲೂ ಹೆಸರು ಬರುತ್ತಿಲ್ಲ. ಯಲಹಂಕದಲ್ಲಿ ಕೇಳಬೇಕಾ, ಪೇಟೆ ಕಡೆ ಕೇಳಬೇಕಾ? ಎಲ್ಲೂ ಸಿಗದಿದ್ದರೆ ಮುಂದೇನು? ದಾಖಲೆ ಸಿಗಲಿಲ್ಲ ಅಂತ ಬರೆದುಕೊಡುತ್ತೇವೆ, ತಗೊಂಡು ಕೋರ್ಟಿಗೆ ಹೋಗಿ ಅಂತ ಒಬ್ಬರು ಸಲಹೆ ಕೊಟ್ಟಿದ್ದಾರೆ.

ಕಡತಕಪಾಟು:
ಆ ಪತ್ರ ಈಗಲೇ ತೆಗೆದುಕೊಳ್ಳಬೇಡಿ. ನೀವು ಹುಡುಕಿಸಿರುವ ವರ್ಷವೇ ಬೇರೆ.

ಸಂವತ್ಸರ ಯುಗಾದಿಯಿಂದ ಯುಗಾದಿಗೆ. ಆನಂದ ಶುರುವಾದದ್ದು 1974ರ ಯುಗಾದಿಗೆ, ಮುಗಿದದ್ದು 1975ರ ಯುಗಾದಿಗೆ. ಚೈತ್ರದಿಂದ ಕಾರ್ತಿಕದವರೆಗಿನ ತಿಥಿಯಾಗಿದ್ದರೆ 1974 ಅನ್ನುವುದು ಸರಿ. ಮಾರ್ಗಶಿರದ ಕೊನೆಯಿಂದಲೇ ಹೊಸ ಇಂಗ್ಲಿಷ್ ವರ್ಷ ಬಂದುಬಿಡುತ್ತದೆ. ಆ ವರ್ಷದ ಪುಷ್ಯ ಬಹುಳ ಬಿದ್ದದ್ದು 1975ರ ಜನವರಿ 28ರಿಂದ ಫೆಬ್ರವರಿ 11ರ ನಡುವೆ. ಪಂಚಮಿ ಅಂದರೆ ಜನವರಿ ತಿಂಗಳ ಕೊನೇ ದಿನ ಅಥವಾ ಫೆಬ್ರವರಿ 1ರ ಆಸುಪಾಸು. ಮಾಘ, ಫಾಲ್ಗುಣದ ತಿಥಿ ಇದ್ದವರೂ ಇದೇ ಜಾಗದಲ್ಲಿ ಎಡವುತ್ತಾರೆ.

ಒಂದೇ ದಿನ ಹಿಡಿದು ಹುಡುಕಿಸಬೇಡಿ, ಹಿಂದೆ ಮುಂದೆ ಎರಡು ದಿನ ಸೇರಿಸಿ. ತಿಥಿ ಬೆಳಗ್ಗೆ ಶುರುವಾಗಿ ಬೆಳಗ್ಗೆಯೇ ಮುಗಿಯುವುದಿಲ್ಲ, ಎರಡು ತಾರೀಖುಗಳ ಮೇಲೆ ಹರಡಿಕೊಂಡಿರುತ್ತದೆ. ಜೊತೆಗೆ ನಮ್ಮ ಮನೆಗಳಲ್ಲಿ ದಿನ ಎಣಿಸುವುದು ಸೂರ್ಯೋದಯದಿಂದ, ಆಸ್ಪತ್ರೆಯಲ್ಲಿ ಮಧ್ಯರಾತ್ರಿಯಿಂದ. ರಾತ್ರಿ 2 ಗಂಟೆಗೆ ಹೋದವರನ್ನು ಮನೆಯವರು "ಶುಕ್ರವಾರ ಹೋದರು" ಅಂದರೆ ಆಸ್ಪತ್ರೆಯ ಪುಸ್ತಕದಲ್ಲಿ ಶನಿವಾರ ಇರುತ್ತದೆ.

ಇನ್ನು ಕಚೇರಿ. ಸಾವು ನೋಂದಣಿಯಾಗುವುದು ಸಾವು ಸಂಭವಿಸಿದ ಜಾಗದಲ್ಲಿ, ಮನೆ ಇರುವ ಜಾಗದಲ್ಲಲ್ಲ. ಹಾಗಾಗಿ ಯಲಹಂಕದ ಪುಸ್ತಕದಲ್ಲಿ ನಿಮ್ಮ ತಾತನ ಹೆಸರು ಇರುವುದಿಲ್ಲ. ಮನೆಯಲ್ಲೇ ತೀರಿಕೊಂಡಿದ್ದರೆ ಮಾತ್ರ ಅಲ್ಲಿ ಹುಡುಕಬೇಕಿತ್ತು. ವಿಕ್ಟೋರಿಯಾ ಇರುವುದು ಕೋಟೆ-ಮಾರುಕಟ್ಟೆ ಭಾಗದಲ್ಲಿ. 1975ರಲ್ಲಿ ಅದು ಬೆಂಗಳೂರು ನಗರ ಪಾಲಿಕೆಯ ವ್ಯಾಪ್ತಿ, ಆಮೇಲೆ ಬಿಬಿಎಂಪಿ, 2025ರ ಸೆಪ್ಟೆಂಬರ್‌ನಿಂದ ಬೆಂಗಳೂರು ಕೇಂದ್ರ ನಗರ ಪಾಲಿಕೆ. ಬೋರ್ಡು ಬದಲಾಗಿದೆ, ಪುಸ್ತಕ ಅದೇ. ಅಲ್ಲಿನ ಆರೋಗ್ಯ ವಿಭಾಗದ ಜನನ ಮರಣ ನೋಂದಣಾಧಿಕಾರಿಗೆ ಅರ್ಜಿ ಬರೆಯಿರಿ.

ಇ-ಜನ್ಮದಲ್ಲಿ ಬರಲಿಲ್ಲ ಅಂತ ಗಾಬರಿಯಾಗಬೇಡಿ. 1975ರದ್ದು ಕೈಬರಹದ ಪುಸ್ತಕ. ಕಂಪ್ಯೂಟರಿನಲ್ಲಿ ಹೆಸರು ಹೊಡೆದು ನೋಡಿ "ಇಲ್ಲ" ಅನ್ನುವುದು ಹುಡುಕಾಟವಲ್ಲ. ಅರ್ಜಿಯಲ್ಲಿ ಸ್ಪಷ್ಟವಾಗಿ ಹೀಗೆ ಬರೆಯಿರಿ: "ಜನನ ಮರಣ ನೋಂದಣಿ ಅಧಿನಿಯಮ 1969ರ ಕಲಂ 17ರ ಅಡಿಯಲ್ಲಿ 1975ನೇ ಸಾಲಿನ ಮರಣ ನೋಂದಣಿ ಪುಸ್ತಕವನ್ನು ಶೋಧಿಸಿ ದೃಢೀಕೃತ ಪ್ರತಿ ನೀಡಬೇಕು." ಶೋಧನಾ ಶುಲ್ಕ ವರ್ಷದ ಲೆಕ್ಕದಲ್ಲಿ ಬೀಳುತ್ತದೆ. ಅದಕ್ಕೇ ವರ್ಷ ಮೊದಲೇ ಖಚಿತ ಮಾಡಿಕೊಳ್ಳಬೇಕು.

ಪುಸ್ತಕದಲ್ಲಿ ನಮೂದುಗಳು ಬರುವುದು ನೋಂದಣಿಯಾದ ಕ್ರಮದಲ್ಲಿ, ಸತ್ತ ದಿನದ ಕ್ರಮದಲ್ಲಲ್ಲ. ಜನವರಿ 31ರ ಸಾವು ಫೆಬ್ರವರಿ ಎರಡನೇ ವಾರದ ಪುಟದಲ್ಲಿ ಇರಬಹುದು. ಡಿಸೆಂಬರ್ ಕೊನೆಯ ಸಾವು ಮುಂದಿನ ವರ್ಷದ ಪುಸ್ತಕಕ್ಕೇ ಹೋಗಿರಬಹುದು. ಹುಡುಕುವವರಿಗೆ ಇದನ್ನು ಹೇಳಿ, ಕನಿಷ್ಠ ಒಂದೂವರೆ ತಿಂಗಳ ಪುಟ ತಿರುವಿಸಿ.

ಹೆಸರಿನ ವಿಷಯದಲ್ಲಿ ಹಠ ಬೇಡ. ದಾಖಲು ಮಾಡುವಾಗ ಜೊತೆಯಲ್ಲಿದ್ದವರು ಹೇಳಿದ್ದೇ ಹೆಸರು. ಇನಿಷಿಯಲ್ ಇರದೆ ಬರೀ "ವೆಂಕಟಪ್ಪ ಬಿನ್ ಮುನಿಯಪ್ಪ" ಅಂತಿರಬಹುದು, ಹೆಂಗಸರಾದರೆ "ಕೋಂ" ಅಂತ ಗಂಡನ ಹೆಸರಿನ ಜೊತೆ ಸಿಗಬಹುದು, ಮನೆಯಲ್ಲಿ ಕರೆಯುವ ಹೆಸರೇ ಇದ್ದರೂ ಆಶ್ಚರ್ಯವಿಲ್ಲ. ತಂದೆಯ ಹೆಸರು, ಅಂದಾಜು ವಯಸ್ಸು, ಆಗಿನ ವಿಳಾಸ ಯಲಹಂಕ ಎಂಬುದು ಮೂರನ್ನೂ ಅರ್ಜಿಯಲ್ಲಿ ಬರೆದರೆ ಹೆಸರು ಸ್ವಲ್ಪ ಬೇರೆಯಾಗಿದ್ದರೂ ಗುರುತು ಹಿಡಿಯಬಹುದು.

ಸಕಾಲ, ಅಂದರೆ ಸರ್ಕಾರಿ ಸೇವೆಯನ್ನು ನಿಗದಿತ ದಿನದೊಳಗೆ ಕೊಡಬೇಕೆನ್ನುವ ವ್ಯವಸ್ಥೆಯ ಅಡಿಯಲ್ಲಿ, ಜಿಎಸ್‌ಸಿ ಸಂಖ್ಯೆ (ಅರ್ಜಿಯ ಗುರುತಿನ ಸಂಖ್ಯೆ) ಇರುವ ಸ್ವೀಕೃತಿ ಕೇಳಿ ಪಡೆಯಿರಿ. ಬಾಯಿಮಾತಿನ "ಇಲ್ಲ"ಕ್ಕೆ ಬೆಲೆಯಿಲ್ಲ.

ನಿಯಮಾವಳಿ:
ಮೇಲಿನವರು ಹೇಳಿದ್ದು ಸರಿ. ಒಂದು ವೇಳೆ 1975ರ ಪುಸ್ತಕದಲ್ಲೂ ಇಲ್ಲದಿದ್ದರೆ ಏನು ಮಾಡಬೇಕು ಅಂತ ಹೇಳುತ್ತೇನೆ.

ಆಗ ಬೇಕಾಗುವುದು ನಮೂನೆ 10ರ ಅಲಭ್ಯತಾ ಪ್ರಮಾಣಪತ್ರ. ಎಲ್ಲರೂ ಎನ್‌ಎಸಿ ಅನ್ನುತ್ತಾರೆ. ಯಾವ ಕಚೇರಿ, ಯಾವ ವರ್ಷದ ಪುಸ್ತಕ ಹುಡುಕಿತು ಎಂಬುದು ಅದರಲ್ಲಿರುತ್ತದೆ. 1974ಕ್ಕೆ ಪಡೆದ ಎನ್‌ಎಸಿ 1975ರ ಸಾವಿಗೆ ಆಧಾರವಾಗುವುದಿಲ್ಲ. ಅದನ್ನೇ ಹಿಡಿದು ಹೊಸದಾಗಿ ನೋಂದಣಿ ಮಾಡಿಸಿ, ಆಮೇಲೆ ಹಳೇ ನಮೂದೂ ಸಿಕ್ಕಿಬಿಟ್ಟರೆ, ಒಬ್ಬರಿಗೇ ಎರಡು ತಾರೀಖಿನ ಎರಡು ಮರಣ ದಾಖಲೆ ಆಗುತ್ತದೆ. ಒಂದನ್ನು ಕಲಂ 15ರಲ್ಲಿ ರದ್ದು ಮಾಡಿಸುವ ತನಕ ಖಾತೆಯೂ ಇಲ್ಲ, ಕ್ರಯವೂ ಇಲ್ಲ. ಈ ಗಂಟು ಬಿಡಿಸುವುದು ಮೊದಲ ಸಲ ಹುಡುಕಿಸುವುದಕ್ಕಿಂತ ಎಷ್ಟೋ ಕಷ್ಟ.

ಸಾವು ಸಂಭವಿಸಿ ಒಂದು ವರ್ಷ ದಾಟಿದ ಮೇಲೆ ನೋಂದಣಿಗೆ ಕಲಂ 13(3)ರ ಆದೇಶ ಬೇಕು. ಮೊದಲು ಇದು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಕೆಲಸವಾಗಿತ್ತು. 2023ರ ತಿದ್ದುಪಡಿ ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಆದೇಶ ಕೊಡುತ್ತಾರೆ. ಹಳೇ ಪದ್ಧತಿ ನೆನಪಿಟ್ಟುಕೊಂಡು ಸೀದಾ ಕೋರ್ಟಿಗೆ ಹೋಗಿ ಅನ್ನುವವರು ಇನ್ನೂ ಇದ್ದಾರೆ.

ಅರ್ಜಿಯ ಜೊತೆ ಎನ್‌ಎಸಿ, ಪ್ರಮಾಣಪತ್ರ ಅಂದರೆ ಅಫಿಡವಿಟ್, ಸಾವನ್ನು ಬಲ್ಲ ಹಿರಿಯರ ಹೇಳಿಕೆ, ಮತ್ತು ಆ ಕಾಲದ್ದೇ ಆದ ಒಂದಾದರೂ ಕಾಗದ ಇಡಿ. ಈ ಕೊನೆಯದೇ ಮುಖ್ಯ. ಚಿತಾಗಾರದ ಅಥವಾ ರುದ್ರಭೂಮಿಯ ರಸೀದಿ, ಕುಟುಂಬ ಪಿಂಚಣಿ ಮಂಜೂರಾದ ಆದೇಶ, ಊರಿನಲ್ಲಿ ಜಮೀನಿದ್ದರೆ ಪೌತಿ ಖಾತೆಯ ಮ್ಯುಟೇಷನ್ ನಮೂದು, ಇವೆಲ್ಲ ಕೆಲಸಕ್ಕೆ ಬರುತ್ತವೆ. ಪೌತಿ ಖಾತೆಯನ್ನು ತುಂಬ ಜನ ಮರೆತೇಬಿಡುತ್ತಾರೆ. ಖಾತೆದಾರ ತೀರಿಕೊಂಡ ಕಾರಣಕ್ಕೇ ವಾರಸುದಾರರ ಹೆಸರು ಏರಿಸುವ ದಾಖಲೆ ಅದು. ಕುಟುಂಬದವರ ಯಾವ ಸ್ವಾರ್ಥವೂ ಇಲ್ಲದ ಕಾಲದಲ್ಲಿ ಸರ್ಕಾರಿ ಪುಸ್ತಕದಲ್ಲಿ ಬಿದ್ದ ಬರಹ, ಹಾಗಾಗಿ ಅದಕ್ಕೆ ತೂಕ ಜಾಸ್ತಿ. ಈಚೆಗೆ ಮಾಡಿಸಿದ ವಂಶವೃಕ್ಷ ಸಂಬಂಧ ತೋರಿಸುತ್ತದೆ, ಸತ್ತ ದಿನ ತೋರಿಸುವುದಿಲ್ಲ.

ಆದೇಶ ಕೈಗೆ ಬಂದ ಕೂಡಲೇ ಅಲ್ಲೇ ಓದಿ. ಹೆಸರು, ತಂದೆ ಅಥವಾ ಗಂಡನ ಹೆಸರು, ಲಿಂಗ, ಸತ್ತ ದಿನ, ಸತ್ತ ಸ್ಥಳ, ಯಾವ ನೋಂದಣಾಧಿಕಾರಿ ನೋಂದಾಯಿಸಬೇಕು, ಎಲ್ಲವೂ ಇರಬೇಕು. ಸ್ಥಳ ಬಿಟ್ಟುಹೋದ ಆದೇಶವನ್ನು ನೋಂದಣಾಧಿಕಾರಿ ವಾಪಸ್ ಕಳಿಸುತ್ತಾರೆ, ಅದು ಅವರ ವ್ಯಾಪ್ತಿಯಲ್ಲಿ ನಡೆದದ್ದು ಎಂದು ತೋರಿಸಲು ಬೇರೆ ಆಧಾರವೇ ಇರುವುದಿಲ್ಲ.

ಶಿವಾಜಿನಗರದವಳು:
ಇದೇ ಚರ್ಚೆಯಲ್ಲಿ ಕೇಳಬಹುದಾ? ನಮ್ಮದು ಕ್ಯಾಥೊಲಿಕ್ ಕುಟುಂಬ. ಮುತ್ತಜ್ಜಿ 1938ರ ಸುಮಾರಿಗೆ ಬೌರಿಂಗ್ ಆಸ್ಪತ್ರೆಯಲ್ಲಿ ತೀರಿಕೊಂಡರಂತೆ. ಆಸ್ತಿಗಾಗಿ ಅಲ್ಲ, ಮನೆತನದ ಚರಿತ್ರೆ ಬರೆಯಲು ದಿನಾಂಕ ಮತ್ತು ಸಮಾಧಿಯ ಜಾಗ ಬೇಕು.

ದಂಡುದಾರಿ:
ಮೇಡಂ, ನಿಮ್ಮ ಹುಡುಕಾಟ ಮೇಲಿನವರದಕ್ಕಿಂತ ಪೂರ್ತಿ ಬೇರೆ. 1938ರಲ್ಲಿ ಪೇಟೆ ಒಂದು ಆಡಳಿತ, ದಂಡು (ಕಂಟೋನ್ಮೆಂಟ್) ಇನ್ನೊಂದು. ವಿಕ್ಟೋರಿಯಾ ಇದ್ದದ್ದು ಮೈಸೂರು ಸಂಸ್ಥಾನದ ಬೆಂಗಳೂರು ನಗರದಲ್ಲಿ, ಬೌರಿಂಗ್ ಇದ್ದದ್ದು ಬ್ರಿಟಿಷರ ಕೈಯಲ್ಲಿದ್ದ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನಲ್ಲಿ. ಅದು ಮೈಸೂರಿಗೆ ವಾಪಸಾದದ್ದು 1947ರಲ್ಲಿ, ಎರಡೂ ಪುರಸಭೆಗಳು ಸೇರಿ ಒಂದೇ ಪಾಲಿಕೆಯಾದದ್ದು 1949ರಲ್ಲಿ. 1969ರ ಅಧಿನಿಯಮ ಕರ್ನಾಟಕದಲ್ಲಿ ಜಾರಿಯಾದದ್ದೇ 1970ರ ಏಪ್ರಿಲ್ 1ರಂದು. ಹಾಗಾಗಿ ಪಾಲಿಕೆಯ ಪುಸ್ತಕವನ್ನು ಕೊನೆಗೆ ನೋಡಿ, ಮೊದಲು ಚರ್ಚಿನ ಪುಸ್ತಕ.

ಕ್ಯಾಥೊಲಿಕರಲ್ಲಿ ಪ್ರತಿ ಪ್ಯಾರಿಷ್, ಅಂದರೆ ಒಂದು ಚರ್ಚಿಗೆ ಸೇರಿದ ವ್ಯಾಪ್ತಿ, ತನ್ನದೇ ಜ್ಞಾನಸ್ನಾನ, ಮದುವೆ, ಸಮಾಧಿ ಪುಸ್ತಕ ಇಡುತ್ತದೆ. ಮುತ್ತಜ್ಜಿ ಯಾವ ಪ್ಯಾರಿಷ್‌ಗೆ ಸೇರಿದ್ದರು ಅನ್ನುವುದು ಗೊತ್ತಾಗದಿದ್ದರೆ ಅವರ ಮಕ್ಕಳ ಜ್ಞಾನಸ್ನಾನದ ಪ್ರಮಾಣಪತ್ರ ನೋಡಿ, ಅದರಲ್ಲಿ ಚರ್ಚಿನ ಹೆಸರು ಇರುತ್ತದೆ. ನೀವಿರುವುದು ಶಿವಾಜಿನಗರ ಅಂದರೆ ಸೇಂಟ್ ಮೇರಿ ಬೆಸಿಲಿಕಾದಿಂದ ಶುರು ಮಾಡುವುದು ಸಹಜ, ಆದರೆ ಆಗ ಮನೆ ಎಲ್ಲಿತ್ತು ಅನ್ನುವುದೇ ಲೆಕ್ಕ. ಪ್ಯಾರಿಷ್ ಕಚೇರಿಗೆ ಬರವಣಿಗೆಯಲ್ಲಿ ಮನವಿ ಕೊಟ್ಟು ಮೂರು ವರ್ಷದ ಅವಧಿ ಹೇಳಿ. ಭಾನುವಾರ ಹೋಗಬೇಡಿ, ಪುಸ್ತಕ ತೆಗೆದು ನೋಡಲು ಅವತ್ತು ಯಾರಿಗೂ ಬಿಡುವಿರುವುದಿಲ್ಲ.

ಬೆಂಗಳೂರು ಧರ್ಮಪ್ರಾಂತ್ಯ (ಒಬ್ಬ ಬಿಷಪ್‌ರ ಆಡಳಿತದ ವ್ಯಾಪ್ತಿ) ಬೇರೆಯಾದದ್ದು 1940ರಲ್ಲಿ. ಅದಕ್ಕೂ ಮೊದಲು ಈ ಭಾಗ ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿತ್ತು. ಪ್ಯಾರಿಷ್‌ನಲ್ಲಿ ಸಿಗದಿದ್ದರೆ ಮೈಸೂರಿನ ಬಿಷಪ್ ಕಚೇರಿಗೂ ಒಂದು ಪತ್ರ ಬರೆಯಿರಿ.

ಹಳೇ ನಮೂದುಗಳು ಲ್ಯಾಟಿನ್‌ನಲ್ಲಿದ್ದರೆ ಹೆದರಬೇಡಿ. ಸತ್ತ ದಿನ, ಹೆಸರು, ವಯಸ್ಸು, ಯಾರ ಹೆಂಡತಿ, ಪಡೆದ ಸಂಸ್ಕಾರ, ಹೂಳಿದ ಜಾಗ, ಪಾದ್ರಿಯ ಸಹಿ, ಇವಿಷ್ಟೇ ಮತ್ತೆ ಮತ್ತೆ ಬರುತ್ತವೆ. ನಾಲ್ಕು ನಮೂದು ಓದಿದರೆ ಐದನೆಯದು ತಾನೇ ಅರ್ಥವಾಗುತ್ತದೆ. ಹೆಸರು ಮಾತ್ರ ಜ್ಞಾನಸ್ನಾನದ್ದು ಇರುತ್ತದೆ. ಮನೆಯಲ್ಲಿ ಚಿನ್ನಮ್ಮ ಅಂತ ಕರೆಯುತ್ತಿದ್ದವರು ಪುಸ್ತಕದಲ್ಲಿ ಮರಿಯ ಆಗಿರಬಹುದು. ಸತ್ತ ದಿನ ಮತ್ತು ಹೂಳಿದ ದಿನ ಎರಡೂ ಇದ್ದರೆ ಬೇರೆ ಬೇರೆ ಬರೆದುಕೊಳ್ಳಿ.

ಸಮಾಧಿಗಾಗಿ ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನಗಳು ಮತ್ತು ಕಲ್ಪಳ್ಳಿ ಸ್ಮಶಾನ ನೋಡಿ. ಕಲ್ಲು ಹುಡುಕುವ ಮೊದಲು ಸ್ಮಶಾನದ ಕಚೇರಿಯ ಪುಸ್ತಕ ಕೇಳಿ. ಒಂದೇ ಗುಂಡಿಯನ್ನು ಕುಟುಂಬದವರಿಗೆ ಮತ್ತೆ ತೆರೆಯುವ ಪದ್ಧತಿ ಇರುವುದರಿಂದ ಮೇಲಿನ ಕಲ್ಲಿನಲ್ಲಿ ಕೊನೆಯವರ ಹೆಸರಷ್ಟೇ ಉಳಿದಿರಬಹುದು.

ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳ ಬಗ್ಗೆಯೂ ಯಾರಾದರೂ ಹೇಳುತ್ತಾರೆ. ಬೆಂಗಳೂರು ದಂಡಿನ ಚರ್ಚುಗಳ ಸಮಾಧಿ ನಮೂದುಗಳ ಪ್ರತಿ ಮದ್ರಾಸಿನ ಮೂಲಕ ಅಲ್ಲಿಗೆ ಹೋಗಿದೆ, ಮದ್ರಾಸ್ ಸರಣಿಯ ಗುರುತು ಎನ್/2. ಆದರೆ ಅದರಲ್ಲಿರುವವರು ಬಹುಪಾಲು ಯುರೋಪಿಯನ್ನರು ಮತ್ತು ಆಂಗ್ಲೋ-ಇಂಡಿಯನ್ನರು. ನಿಮ್ಮ ಮನೆತನ ಅದಲ್ಲದಿದ್ದರೆ ಅಲ್ಲಿ ಸಮಯ ಹಾಕಬೇಡಿ. 1898ರ ಪ್ಲೇಗಿನ ವರದಿಗಳಂಥ ಸರ್ಕಾರಿ ಕಾಗದಗಳಿಂದಲೂ ಹೆಚ್ಚು ನಿರೀಕ್ಷೆ ಬೇಡ, ಅವು ಮುಖ್ಯವಾಗಿ ಸಂಖ್ಯೆ ಕೊಡುವ ದಾಖಲೆಗಳು.

ಪೇಟೆಬೀದಿ:
ತುಂಬಾ ಧನ್ಯವಾದ. 1975ಕ್ಕೆ ಹೊಸ ಅರ್ಜಿ ಬರೆಯುತ್ತೇನೆ. ಎರಡು ಅನುಮಾನ. ಸಾವಿನ ಕಾರಣವೂ ಪ್ರಮಾಣಪತ್ರದಲ್ಲಿ ಬರುತ್ತದಾ? ಮತ್ತು ಹೆಸರು ಖಾತೆಯಲ್ಲಿರುವುದಕ್ಕಿಂತ ಬೇರೆಯಾಗಿದ್ದರೆ?

ನಿಯಮಾವಳಿ:
ಕಾರಣ ಬರುವುದಿಲ್ಲ. ಸಾರ್ವಜನಿಕರಿಗೆ ಕೊಡುವ ಮರಣದ ಪ್ರತಿಯಲ್ಲಿ ಸಾವಿನ ಕಾರಣ ತೋರಿಸಬಾರದು ಅಂತ ಕಲಂ 17ರಲ್ಲೇ ಇದೆ. ಖಾತೆಗೆ ಅದು ಬೇಕಾಗಿಯೂ ಇಲ್ಲ. ಈಗಿನ ಸಾವುಗಳಲ್ಲಾದರೆ ಕಾರಣದ ವೈದ್ಯಕೀಯ ಪ್ರಮಾಣಪತ್ರದ ಪ್ರತಿಯನ್ನು ಹತ್ತಿರದ ಬಂಧುವಿಗೆ ಕೊಡಬೇಕು, ಅದು ಬೇರೆ ಕಾಗದ. ಈಚೆಗೆ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ 21 ದಿನದೊಳಗೆ ನೋಂದಣಿ ಮುಗಿಸಿ. 30 ದಿನದವರೆಗೆ ತಡ ಶುಲ್ಕ ಸಾಕು, ಅದು ದಾಟಿದರೆ ಮೇಲಿನ ಅಧಿಕಾರಿಯ ಲಿಖಿತ ಅನುಮತಿ ಬೇಕು.

ಹೆಸರು ಬೇರೆಯಾಗಿದ್ದರೆ ಎರಡು ದಾರಿ. ಇನಿಷಿಯಲ್ ಅಥವಾ ಕಾಗುಣಿತದಷ್ಟೇ ವ್ಯತ್ಯಾಸವಾದರೆ ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಖಾತೆ ಕೆಲಸಕ್ಕೆ ಸಾಕಾಗುತ್ತದಾ ಅಂತ ಕಂದಾಯ ವಿಭಾಗದಲ್ಲಿ ಮೊದಲು ಕೇಳಿ. ಹೆಸರೇ ತಪ್ಪಿದ್ದರೆ ಕಲಂ 15ರ ತಿದ್ದುಪಡಿ. ಮೂಲ ಬರಹ ಅಳಿಸುವುದಿಲ್ಲ, ಅಂಚಿನಲ್ಲಿ ಸರಿಯಾದ ಹೆಸರು ಬರೆದು, ತಾರೀಖು ಹಾಕಿ, ನೋಂದಣಾಧಿಕಾರಿ ಸಹಿ ಮಾಡುತ್ತಾರೆ. ಆ ನಮೂದಿಗಿಂತ ಹಳೆಯದಾದ ದಾಖಲೆ ಆಧಾರವಾಗಿ ಕೊಡಿ. ನಿಮ್ಮಲ್ಲಿ ತಾತನ ಹೆಸರಿನ ಕ್ರಯಪತ್ರ ಇದ್ದರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಕಡತಕಪಾಟು:
ಪುಸ್ತಕ ಹುಡುಕದೆ ದಿನ ತಳ್ಳಿದರೆ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಬಹುದು. 10 ರೂಪಾಯಿ ಶುಲ್ಕ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಅದರಲ್ಲಿ ಪ್ರಮಾಣಪತ್ರ ಕೇಳಬೇಡಿ, ಅದಕ್ಕೆ ಬೇರೆ ವಿಧಾನವಿದೆ ಅಂತ ಉತ್ತರ ಬರುತ್ತದೆ. "1975ನೇ ಸಾಲಿನ ವಿಕ್ಟೋರಿಯಾ ಆಸ್ಪತ್ರೆ ವ್ಯಾಪ್ತಿಯ ಮರಣ ನೋಂದಣಿ ಪುಸ್ತಕಗಳು ಈಗ ಯಾವ ಕಚೇರಿಯ ವಶದಲ್ಲಿವೆ, ಎಷ್ಟು ಸಂಪುಟ" ಅಂತ ಕೇಳಿ. ಆ ಉತ್ತರದ ಪ್ರತಿಯನ್ನು ನಿಮ್ಮ ಶೋಧನಾ ಅರ್ಜಿಗೆ ಲಗತ್ತಿಸಿ. ಪುಸ್ತಕ ನಮ್ಮಲ್ಲಿಲ್ಲ ಅಂತ ಆಮೇಲೆ ಹೇಳಲು ಬರುವುದಿಲ್ಲ.